ದೊರೆಸಾನಿ ಕೊಂಡಿ

ಹುಣಸೂರಿನ ಟೈಲರ್ ಕಂಠಪ್ಪನವರ ಕೋಟಿನಲ್ಲಿ ಒಂದು ಗುಂಡಿಯಂತೆ ಇನ್ನೊಂದಿರಲಿಲ್ಲ. ಕೊರಳ ಹತ್ತಿರ ತೆಂಗಿನ ಚಿಪ್ಪಿನಲ್ಲಿ ಕೊರೆದ ಗುಂಡಿ. ಅದರ ಕೆಳಗೆ ಯಾವನೋ ಪೊಲೀಸಿನವನ ಅಂಗಿಯಿಂದ ಉದುರಿದ ಹಿತ್ತಾಳೆಯದು. ಆಮೇಲೆ ಒಂದು ಟಿಚ್ ಗುಂಡಿ, ಒಂದು ಹುಕ್ಕು, ಮಕ್ಕಳ ಚಡ್ಡಿಯ ಲಾಡಿಯ ಹಾಗೆ ನೇತಾಡುವ ಒಂದು ಜೊತೆ ದಾರ. ಕೊನೆಗೆ, ಹೊಟ್ಟೆಯ ಮೇಲೆ, ಬೆರಳುದ್ದದ ಬಿದಿರು ಕಡ್ಡಿಯೊಂದನ್ನು ಬಟ್ಟೆಯ ಕುಣಿಕೆಯೊಳಗೆ ತೂರಿಸಿದ್ದು. ಕೋಟಿನ ಕಪ್ಪು ಬಣ್ಣ ಹೋಗಿ ಬೂದಿಯ ಬಣ್ಣ ಬಂದಿತ್ತು. ಇಷ್ಟು ಹಳೆಯ ಕೋಟಿಗೆ ಇಷ್ಟು ಹೊಸ ಕಾಜಗಳನ್ನು ಕತ್ತರಿಸಿದ ಮನುಷ್ಯ ಬಡತನದಿಂದ ಹಾಗೆ ಮಾಡಿರಲಾರ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಯಾಕೆ ಮಾಡಿದ್ದಾನೆಂಬುದು ತಿಳಿಯುತ್ತಿರಲಿಲ್ಲ.

ಪತ್ರಿಕೆಯ ಕೆಲಸಕ್ಕೆ ಮೈಸೂರಿನಿಂದ ಮಡಿಕೇರಿಯ ಕಡೆ ಹೋಗಿಬರುತ್ತಿದ್ದ ನಾನು ಅವರನ್ನು ಮೊದಲು ನೋಡಿದ್ದು ಐವತ್ತನಾಲ್ಕರಲ್ಲಿ, ಹುಣಸೂರಿನ ಬಸ್ ನಿಲ್ದಾಣದ ಪಕ್ಕ ಸಿದ್ದಯ್ಯನ ಹೋಟೆಲಿನಲ್ಲಿ. ಅವರು ಒಳಗೆ ಬಂದರೆ ಸಿದ್ದಯ್ಯ ಕಾಫಿ ಸೋಸುತ್ತಲೇ ಕೂಗುತ್ತಿದ್ದ: “ಬಂತು ಕಣ್ರಲಾ ಗುಂಡಿ ಅಂಗಡಿ. ಎದ್ದು ಜಾಗ ಬುಡಿ.” ಕಂಠಪ್ಪನವರು ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಎದುರಿಗೆ ಯಾರೇ ಕೂತಿರಲಿ, ಅವರು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಕೊರಳಿನಿಂದ ಕೆಳಗೆ ಬಟ್ಟೆ ಎರಡೂ ಕಡೆಯಿಂದ ಬಂದು ಸೇರುವ ಗೆರೆಯನ್ನು. ನನ್ನ ಅಂಗಿಯ ಗೆರೆಯನ್ನು ಅವರು ಬಹಳ ಹೊತ್ತು ನೋಡಿ, ನಾನು ಯಾರು, ಯಾವ ಊರು ಎಂದು ಕೇಳದೆ, ಆಡಿದ ಮೊದಲ ಮಾತು: “ಮೂರನೇ ಗುಂಡಿ ಹಾಕ್ಕಳೋವಾಗ ಎರಡೂ ಕೈ ಬೇಕಾಯ್ತದಾ ನಿಮಗೆ?”

ಈ ಪ್ರಶ್ನೆಯನ್ನು ಅವರು ಎಲ್ಲದರ ಬಗ್ಗೆಯೂ ಕೇಳುತ್ತಿದ್ದರು. ಸೋಡಾ ಬಾಟಲಿಯ ಗೋಲಿ ಒತ್ತುವವನನ್ನು, ಜೀಪಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸುವ ಡ್ರೈವರನ್ನು, ಚೀಲ ಬೆನ್ನಿಗೇರಿಸಿಕೊಳ್ಳುವ ಹಮಾಲಿಯನ್ನು ನಿಲ್ಲಿಸಿ, “ಇದಕ್ಕೆ ಇನ್ನೊಬ್ಬರ ಕೈ ಬೇಕಾ?” ಎನ್ನುತ್ತಿದ್ದರು. ಉತ್ತರ ಬಂದ ಮೇಲೆ ತಲೆಯಾಡಿಸಿ ಹೊರಟುಬಿಡುತ್ತಿದ್ದರು. ನಡೆಯುವಾಗ ಎಡಗೈ ಬೆನ್ನ ಹಿಂದೆ; ಬಲಗೈ ಮಾತ್ರ ಕೋಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಓಡಾಡುತ್ತ, ಕಣ್ಣು ರಸ್ತೆಯ ಮೇಲೇ ಇದ್ದರೂ, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕುತ್ತಿತ್ತು. ಹೀಗೆ ಕೋಟು ಬಿಚ್ಚುತ್ತಾ ಮುಚ್ಚುತ್ತಾ ಬಜಾರಿನಲ್ಲಿ ಹೋಗುವ ಐವತ್ತೈದರ ಮನುಷ್ಯನನ್ನು ಊರು ಅರೆಹುಚ್ಚನೆಂದು ತೀರ್ಮಾನಿಸಿ ಸುಮ್ಮನಾಗಿತ್ತು.

ಸುಮ್ಮನಾಗದ ದಿನವೂ ಇತ್ತು. ಸಂತೆಯಲ್ಲಿ ವೀಳ್ಯದೆಲೆ ಮಾರುವ ಮಾಯಮ್ಮ ಎಂಬ ವಯಸ್ಸಾದ ಹೆಂಗಸು ಹಳೆಯ ಕಾಲದವರಂತೆ ಕುಪ್ಪಸದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಕಂಠಪ್ಪನವರು ಅವಳೆದುರು ಎಲೆ ಕೊಳ್ಳುವ ನೆವದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡತೊಡಗಿದರು. ಅವಳು ಎಲೆಯ ಮೇಲೆ ಚಿಮುಕಿಸುತ್ತಿದ್ದ ನೀರನ್ನೇ ಅವರ ಮುಖಕ್ಕೆ ಎರಚಿದಳು.

“ಏನ್ಲಾ ಮುದುಕಪ್ಪ, ಎಲೆ ಇಲ್ಲಿ ಕೆಳಗದೆ. ಅಲ್ಲೇನು ನೋಡ್ತಿದ್ದೀಯೆ?”

“ಗಂಟು ಕಣವ್ವ. ಮಲಗಿದ್ದಾಗ ಹಾಕ್ಕಳಕ್ಕಾಯ್ತದಾ ಇದು?”

ಸುತ್ತ ಇದ್ದವರು ಹೋ ಎಂದು ನಕ್ಕರು. ಯಾರೋ ಒಬ್ಬ ಕೈಯೆತ್ತಿಕೊಂಡೂ ಬಂದ. ಸಿದ್ದಯ್ಯ ಓಡಿಬಂದು ಅವರ ತೋಳು ಹಿಡಿದು ಎಳೆದುಕೊಂಡು ಹೋದ. ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕೂರಿಸಿ, ಟವಲಿನಿಂದ ಅವರ ಮುಖ ಒರೆಸುತ್ತ, ಅವನು ನನಗೆ ಮೆಲ್ಲಗೆ ಹೇಳಿದ: “ಮಗಳಿಗೆ ಕಣ್ರೀ ಇದೆಲ್ಲ. ಅದ್ಕೇ ನಾನು ಎಷ್ಟು ಆಡ್ಕಂಡ್ರೂ ಒಡೆಯಕ್ಕೆ ಬಂದೋರ್ನ ಬುಡಕಿಲ್ಲ.”

ಕಂಠಪ್ಪನವರು ತಾವೇ ಹೇಳಿದ್ದು ಆಮೇಲೆ, ತುಂಡುತುಂಡಾಗಿ, ಬೇರೆಬೇರೆ ದಿನ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ. ನಾನು ಅದನ್ನು ಇಲ್ಲಿ ಸಾಲಾಗಿ ಜೋಡಿಸುತ್ತಿದ್ದೇನೆ.

ದೇಶಕ್ಕೆ ಸ್ವಾತಂತ್ರ್ಯ ಬರುವವರೆಗೂ, ಪಿರಿಯಾಪಟ್ಟಣದ ಆಚೆ, ಕೊಡಗಿನ ಕಾಫಿ ತೋಟಗಳ ಬಿಳಿಯ ದೊರೆಸಾನಿಯರಿಗೆ ಕಾರ್ಸೆಟ್ಟು ಹೊಲಿದುಕೊಡುತ್ತಿದ್ದವರು ಈ ಸೀಮೆಯಲ್ಲಿ ಅವರೊಬ್ಬರೇ. ಕಾರ್ಸೆಟ್ಟೆಂದರೆ ಎದೆಯ ಕೆಳಗಿನಿಂದ ಸೊಂಟದವರೆಗೆ ಮೈಯನ್ನು ಬಿಗಿಯಾಗಿ ಹಿಡಿಯುವ ಉಡುಪು. ದಪ್ಪ ಡ್ರಿಲ್ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹೊಲಿದು, ಪಟ್ಟಿಗಳೊಳಗೆ ಕಡ್ಡಿ ತೂರಿಸಿರುತ್ತಾರೆ. ಬೆನ್ನಿನಲ್ಲಿ ಎರಡು ಸಾಲು ತೂತುಗಳ ನಡುವೆ ಬೂಟಿನ ಹಾಗೆ ದಾರ ಓಡಿರುತ್ತದೆ. ಮುಂದುಗಡೆ ಎರಡು ಉಕ್ಕಿನ ಪಟ್ಟಿ, ಒಂದರಲ್ಲಿ ಮೊಳೆಯ ತಲೆಯಂಥ ಗುಬುಟು, ಇನ್ನೊಂದರಲ್ಲಿ ಅದು ಕೂರುವ ಕಣ್ಣು. ಒಂದಕ್ಕೊಂದು ಸಿಕ್ಕಿಸಿದರೆ ಟಕ್ಕೆಂದು ಕೂತುಬಿಡುತ್ತದೆ. ಆನೆ ಎಳೆದರೂ ಬಿಚ್ಚುವುದಿಲ್ಲ. ಇದು ವಿಲಾಯಿತಿಯಿಂದಲೇ ಬರಬೇಕು. ಮಿಕ್ಕ ಕಡ್ಡಿಗಳನ್ನು ಕಂಠಪ್ಪನವರು ಹಳೆಯ ಕೊಡೆಗಳಿಂದ ತೆಗೆದು ಸಾಗಿಸಿದರೂ ಇದನ್ನು ಮಾತ್ರ ಮಾಡಲಾಗಲಿಲ್ಲ. ಇದಕ್ಕೆ ಅವರು ಇಟ್ಟಿದ್ದ ಹೆಸರು ದೊರೆಸಾನಿ ಕೊಂಡಿ.

ದೊರೆಸಾನಿಯರ ಮೈಯನ್ನು ಅವರು ಮುಟ್ಟಿದವರಲ್ಲ, ನೋಡಿದವರೂ ಅಲ್ಲ. ಬಂಗಲೆಯ ಹಿಂದಿನ ಜಗುಲಿಯಲ್ಲಿ ಅವರು ಕೂತಿರಬೇಕು. ಒಳಗಿನಿಂದ ಆಯಾ ಒಂದು ದಾರ ತಂದುಕೊಡುತ್ತಾಳೆ. ಎದೆಗೆ ಒಂದು ಗಂಟು, ಸೊಂಟಕ್ಕೆ ಒಂದು, ಉದ್ದಕ್ಕೆ ಒಂದು. ಅಷ್ಟೇ ಅಳತೆ. ಹೊಲಿದು ಒಳಗೆ ಕಳಿಸಿದ್ದು ಹೊರಗೆ ಬರಲಿಲ್ಲವೆಂದರೆ ಸರಿಯಾಗಿದೆ ಎಂದರ್ಥ. ಊರಿನಲ್ಲೂ ಹಾಗೆಯೇ, ಹೆಂಗಸರ ರವಿಕೆಗೆ ಟೈಲರಿಗೆ ಸಿಗುವುದು ಹಳೆಯ ಅಳತೆ ರವಿಕೆ, ಮೈಯಲ್ಲ. ಮರ್ಯಾದಸ್ಥ ಟೈಲರು ಇನ್ನೇನೂ ಕೇಳುವುದಿಲ್ಲ. ಕಂಠಪ್ಪನವರು ಮರ್ಯಾದಸ್ಥರು.

ದೊರೆಗಳು ತೋಟ ಮಾರಿ ಹೊರಟಾಗ ಒಬ್ಬ ಆಯಾ, ಸವೆದುಹೋದ ಕಾರ್ಸೆಟ್ಟೊಂದನ್ನು ಅವರಿಗೆ ಕೊಟ್ಟಳು. ಅವರು ಅದರ ಕೊಂಡಿಯನ್ನು ಮಾತ್ರ ಬಿಡಿಸಿ, ಬೂದಿಯಲ್ಲಿ ತಿಕ್ಕಿ, ಎಣ್ಣೆ ಸವರಿ, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟರು. ಅದಕ್ಕೆ ತಕ್ಕ ಮೈ ಇನ್ನು ಈ ಸೀಮೆಯಲ್ಲಿ ಇಲ್ಲವೆಂದು ತಿಳಿದಿದ್ದರು.

ಪ್ರೇಮಮ್ಮ ಅವರ ಒಬ್ಬಳೇ ಮಗಳು. ತಾಯಿಯಿಲ್ಲದೆ ಬೆಳೆದವಳು. ಗಾವಡಗೆರೆಯಲ್ಲಿ ಹೊಗೆಸೊಪ್ಪು ಬೆಳೆಯುವವರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಬೆನ್ನು ನೋವು ಬಂತು. ಮೈಸೂರಿನ ಡಾಕ್ಟರು ಬೆನ್ನುಮೂಳೆಯ ಕ್ಷಯ ಎಂದರು. ಸೂಜಿಮದ್ದು ಕೊಟ್ಟರು, ತಿಂಗಳುಗಟ್ಟಲೆ ಮೈಗೆ ಪ್ಲಾಸ್ಟರ್ ಹಾಕಿ ಮಲಗಿಸಿದರು. ಬಿಚ್ಚಿದಾಗ ರೋಗ ಹಿಮ್ಮೆಟ್ಟಿತ್ತು. ಇನ್ನು ಮೂಳೆ ಗಟ್ಟಿಯಾಗುವವರೆಗೆ, ಎದ್ದಿರುವಾಗಲೆಲ್ಲ ಬೆನ್ನಿಗೆ ಆಸರೆಯಾಗಿ ಬಿಗಿಯಾದ ಕಾರ್ಸೆಟ್ಟು ಬೇಕು, ಬೆಂಗಳೂರಿನಿಂದ ತರಿಸಬೇಕು ಎಂದಾಗ, ಕಂಠಪ್ಪನವರು ಡಾಕ್ಟರ ಮುಂದೆ ಕುರ್ಚಿಯಿಂದ ಎದ್ದುನಿಂತರಂತೆ. “ಅದು ನನ್ನ ಕೆಲಸ ಸ್ವಾಮಿ,” ಎಂದರಂತೆ. ಇದನ್ನು ಹೇಳುವಾಗ ಮಾತ್ರ ಅವರು ಯಂತ್ರ ನಿಲ್ಲಿಸಿದರು.

ಬಟ್ಟೆ, ಕಡ್ಡಿ, ಹೊಲಿಗೆ ಇವುಗಳಲ್ಲಿ ಅವರಿಗೆ ಸಂಶಯವಿರಲಿಲ್ಲ. ಮುಂದುಗಡೆ ಏನು ಹಾಕುವುದೆಂಬುದೇ ಯೋಚನೆಯಾಯಿತು. ಟಿಚ್ ಗುಂಡಿ ಬಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಹುಕ್ಕು ಸೀರೆಗೆ ಸಿಕ್ಕುತ್ತದೆ. ದಾರದ ಗಂಟು ಸಂಜೆಯ ಹೊತ್ತಿಗೆ ಸಡಿಲಾಗುತ್ತದೆ. ಬೆಲ್ಟಿನ ಬಕಲ್ಲು ಗಟ್ಟಿ, ಆದರೆ ಅದಕ್ಕೆ ಚರ್ಮ ಬೇಕು. ಬೀಗಿತ್ತಿ ಗುರುಶಾಂತಮ್ಮನವರು ದಿನವೂ ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವವರು, ಅವರ ಅಡಿಗೆಮನೆಯಲ್ಲಿ ಮೈಮೇಲೆ ಚರ್ಮ ಸುತ್ತಿಕೊಂಡು ಓಡಾಡುವುದು ಹೇಗೆ? ಹೀಗೆ ಒಂದೊಂದನ್ನೇ ತಳ್ಳಿಹಾಕಿ, ಅವರು ಪೆಟ್ಟಿಗೆಯ ತಳದಿಂದ ಫ್ಲಾನೆಲ್ ಸುರುಳಿಯನ್ನು ತೆಗೆದರು. ತಳ್ಳಿಹಾಕಿದ್ದೆಲ್ಲ ಬರಿಯ ನೆವ, ಕೊಂಡಿಯನ್ನು ಮಗಳಿಗೆ ಹಾಕಬೇಕೆಂದು ಡಾಕ್ಟರ ಮುಂದೆ ಎದ್ದುನಿಂತಾಗಲೇ ತೀರ್ಮಾನಿಸಿಬಿಟ್ಟಿದ್ದರು ಎಂದು ನನಗೆ ಅನಿಸುತ್ತದೆ. ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನು ಅವರು ಅವಳಿಗೆ ಕೊಟ್ಟರು.

ಗಾವಡಗೆರೆಯ ಬೀಗರ ಮನೆಯ ಪಡಸಾಲೆಯಲ್ಲಿ ಅದನ್ನು ತೊಡೆಯ ಮೇಲೆ ಹರಡಿ, ಗುಬುಟುಗಳನ್ನು ಟಕ್ ಟಕ್ಕೆಂದು ಕೂರಿಸಿ ತೋರಿಸಿದರು. “ನೋಡಿ ಅಮ್ಮಾವ್ರೇ, ಎಲ್ಲಾ ಮುಂದ್ಗಡೆನೇ. ಅವಳೇ ಹಾಕ್ಕತಾಳೆ, ಅವಳೇ ಬಿಚ್ಚತಾಳೆ. ಯಾರ ಕೈಯೂ ಬೇಡ. ನಿಮಗೆ ಒಂಚೂರೂ ತೊಂದರೆ ಇಲ್ಲ.” ರೋಗಿಷ್ಠ ಸೊಸೆಯನ್ನು ವಾಪಸು ಕರೆದುಕೊಂಡಿದ್ದ ಮನೆಗೆ ತಂದೆಯಾದವನು ಕೊಡಬಹುದಾಗಿದ್ದ ಅತಿ ದೊಡ್ಡ ಉಡುಗೊರೆ ಆ ಮಾತು. ಗುರುಶಾಂತಮ್ಮ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, “ಬೆಳ್ಳಿ ಇದ್ದಂಗದೆ,” ಎಂದರು. ಪ್ರೇಮಮ್ಮ ಬಾಗಿಲ ಹಿಂದೆ ನಿಂತಿದ್ದಳು.

ಅಲ್ಲಿಂದಾಚೆಗೆ ಅವರು ಸಂತೆಯ ದಿನ ಗಾವಡಗೆರೆಗೆ ಹೋದಾಗಲೆಲ್ಲ ಜಗುಲಿಯ ಮೇಲೆ ಕೂರುತ್ತಿದ್ದರು. ಮಗಳು ಮಜ್ಜಿಗೆ ತಂದಿಟ್ಟು ಎದುರಿಗೆ ನಿಲ್ಲುತ್ತಿದ್ದಳು. ಅವರ ಕಣ್ಣು ಹೋಗಬೇಕಾದಲ್ಲಿಗೆ ಹೋಗುತ್ತಿತ್ತು: ಸೆರಗಿನ ಅಂಚಿನಲ್ಲಿ, ರವಿಕೆಯ ಕೆಳಗೆ, ಒಂದರ ಕೆಳಗೊಂದು ಹೊಳೆಯುವ ಗುಬುಟುಗಳು, ಒಂದೂ ತಪ್ಪಿಲ್ಲ. ಹೊಟ್ಟೆ ತಣ್ಣಗಾಗಿ ಹಿಂದಿರುಗುತ್ತಿದ್ದರು. ಹಿರಿಯರೆದುರು ಬೆನ್ನು ತಿರುಗಿಸದೆ ಹಿಂದುಹಿಂದಕ್ಕೇ ಸರಿದು ಒಳಗೆ ಹೋಗುವುದು ಆ ಮನೆಯ ಹೆಣ್ಣುಮಕ್ಕಳ ರೂಢಿ. ಬೆನ್ನ ತುಂಬ ಹೊದೆದ ಸೆರಗು ಬೇರೆ. ಒಂದು ವರ್ಷದಲ್ಲಿ ಒಂದು ಸಲವೂ ಅವರು ಮಗಳ ಬೆನ್ನನ್ನು ನೋಡಲಿಲ್ಲ.

ಬೆನ್ನನ್ನು ನೋಡಿದವರು ಮೈಸೂರಿನ ಡಾಕ್ಟರು. ದಾರಗಳು ಸಡಿಲವಾಗಿ, ಕೈ ತೂರುವಷ್ಟು ಅಗಲವಾಗಿ ನೇತಾಡುತ್ತಿದ್ದವು. ಕಾರ್ಸೆಟ್ಟು ಮೈಗೆ ತಗುಲಿಸಿದ ಬುಟ್ಟಿಯ ಹಾಗಿತ್ತು. ಅದರೊಳಗೆ, ಯಾವ ಆಸರೆಯೂ ಇಲ್ಲದೆ, ಮೂಳೆ ಮತ್ತೆ ಕುಸಿದಿತ್ತು.

ಆ ಉಡುಪಿನ ಗುಟ್ಟೇ ಅದು. ಬೆನ್ನಿನ ದಾರ ಬಿಗಿಯಾಗಿದ್ದರೆ ಮುಂದಿನ ಕೊಂಡಿ ಒಂದಕ್ಕೊಂದು ಎಟುಕುವುದಿಲ್ಲ. ದಾರ ಸಡಿಲಿಸಬೇಕು, ಕೊಂಡಿ ಹಾಕಬೇಕು, ಆಮೇಲೆ ಯಾರಾದರೂ ಹಿಂದೆ ನಿಂತು ದಾರ ಎಳೆದು ಕಟ್ಟಬೇಕು. ಗಟ್ಟಿ ಮೈಯವರು ತಾವೇ ಕೈ ಹಿಂದಕ್ಕೆ ಚಾಚಿ ಎಳೆದುಕೊಂಡಾರು. ಬೆನ್ನು ಕೆಟ್ಟವರ ಕೈ ಅಲ್ಲಿಗೆ ಹೋಗುವುದಿಲ್ಲ. ಪ್ರತಿಯೊಬ್ಬ ದೊರೆಸಾನಿಯ ಹಿಂದೆಯೂ ಒಬ್ಬ ಆಯಾ ನಿಂತಿದ್ದಳು. ಜಗುಲಿಯಲ್ಲಿ ಕೂತಿದ್ದ ಕಂಠಪ್ಪನವರಿಗೆ ಆಯಾ ಕಂಡಿದ್ದು ಅಳತೆಯ ದಾರ ತಂದುಕೊಡುವವಳಾಗಿ ಮಾತ್ರ. ಮುಂದೆ ಬಾಗಿಲಿರುವ ಉಡುಪನ್ನು ಹಾಕಿಕೊಳ್ಳುವವರೇ ಮುಚ್ಚಿಕೊಳ್ಳುತ್ತಾರೆ ಎಂದು ಅವರು ಜೀವಮಾನವೆಲ್ಲ ನಂಬಿದ್ದರು.

ಆ ದಿನ ಮೈಸೂರಿನಿಂದ ಹಿಂದಿರುಗುವ ಬಸ್ಸಿನಲ್ಲಿ ಬಿಳಿಕೆರೆ ದಾಟಿದ ಮೇಲೆ ಅವರು ಕೇಳಿದರಂತೆ: “ಯಾಕವ್ವ ಹೇಳ್ನಿಲ್ಲ?”

“ನೀವೇ ಹೇಳಿದ್ರಲ್ಲ ಅಪ್ಪಾಜಿ, ಯಾರ ಕೈಯೂ ಬೇಡ ಅಂತ.” ಅವಳೇ ಸೇರಿಸಿದಳು: “ನೀವು ಅಂಗಂದ ಮ್ಯಾಕೆ ನಾನು ಅತ್ತೇರ್ನ ಕರೆದ್ರೆ ಚೆನ್ನಾಗಿರ್ತದಾ?”

ಗಂಡ ಬೆಳಕು ಹರಿಯುವ ಮುಂಚೆಯೇ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕಲು ಹೋಗುವವನು. ಅತ್ತೆ ಆ ಹೊತ್ತಿಗೆ ಮಡಿಯಲ್ಲಿ ಪೂಜೆಗೆ ಕೂತವರು. ಕರೆಯುವುದಾದರೂ ಯಾರನ್ನು? ಕರೆದರೆ ಅಪ್ಪನ ಮಾತು ಸುಳ್ಳಾಗುತ್ತದೆ. ಆದ್ದರಿಂದ ಅವಳು ದಾರವನ್ನು ಒಂದೇ ಸಲ ಸಡಿಲ ಮಾಡಿಟ್ಟುಕೊಂಡು, ದಿನವೂ ಬೆಳಿಗ್ಗೆ ಕೊಂಡಿಯನ್ನು ತಪ್ಪದೆ ಹಾಕಿಕೊಂಡಳು.

ನಾನು ಅವರನ್ನು ಕಂಡಾಗ ಇದೆಲ್ಲ ನಡೆದು ಒಂದು ವರ್ಷವಾಗಿತ್ತು. ಪ್ರೇಮಮ್ಮನ ಕಾಲುಗಳಲ್ಲಿ ಶಕ್ತಿ ಇಂಗಿ ಅವಳು ಹಾಸಿಗೆ ಹಿಡಿದಿದ್ದಳು. ಕಂಠಪ್ಪನವರು ಮಿಕ್ಕ ಹೊಲಿಗೆಯನ್ನೆಲ್ಲ ಕಡಿಮೆ ಮಾಡಿ ಒಂದೇ ಕೆಲಸಕ್ಕೆ ಬಿದ್ದಿದ್ದರು: ಮಲಗಿದ್ದಲ್ಲೇ, ಒಂದೇ ಕೈಯಲ್ಲಿ, ಯಾರೂ ಇಲ್ಲದೆ ಬಿಗಿಯಬಹುದಾದ ಕಾರ್ಸೆಟ್ಟು. ಪ್ರತಿ ಗುಂಡಿಯನ್ನೂ ಮೊದಲು ತಮ್ಮ ಕೋಟಿಗೆ ಹೊಲಿದು, ಅಂಗಡಿಯ ನೆಲದ ಮೇಲೆ ಅಂಗಾತ ಮಲಗಿ, ಎಡಗೈಯನ್ನು ಬೆನ್ನಡಿ ಇಟ್ಟುಕೊಂಡು ಪರೀಕ್ಷಿಸುತ್ತಿದ್ದರು. ಸರಿಯೆನಿಸಿದ್ದನ್ನು ಗಾವಡಗೆರೆಗೆ ಒಯ್ಯುತ್ತಿದ್ದರು. ಪ್ರೇಮಮ್ಮ ಪ್ರತಿಯೊಂದಕ್ಕೂ ಒಂದೇ ಮಾತು ಹೇಳುತ್ತಿದ್ದಳು: “ಚೆನ್ನಾಗದೆ ಅಪ್ಪಾಜಿ.”

“ಅವಳ ಮಾತು ತಕಂಡು ನಾನೇನು ಮಾಡ್ಲಿ ಹೇಳಿ,” ಎಂದರು ನನಗೆ ಒಂದು ಸಲ. “ಆ ಕೊಂಡೀದೂ ಚೆನ್ನಾಗದೆ ಅಂದಿದ್ಲು ಇವಳು. ಒಂದು ವರ್ಷ ಅಂದಿದ್ಲು.”

ಅವರಿಗೆ ಬೇಕಾಗಿದ್ದದ್ದು ಕೊನೆಗೆ ಸಿಕ್ಕಿತು. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಮರದ ಡಿಪೋದಲ್ಲಿ ಲಾರಿಯ ದಿಮ್ಮಿಗಳಿಗೆ ಹಗ್ಗ ಬಿಗಿಯುವವನು, ಲಾರಿಯ ಆಚೆ ಬದಿಗೆ ಹೋಗದೆ, ಈಚೆ ನಿಂತೇ ಎರಡೂ ಬದಿಯ ಹಗ್ಗವನ್ನು ಒಂದು ಗೂಟಕ್ಕೆ ಎಳೆಯುವುದನ್ನು ನೋಡಿದರು. ಬೆನ್ನಿನ ದಾರದ ಎರಡೂ ತುದಿಗಳನ್ನು ಪಕ್ಕೆಯಿಂದ ಸುತ್ತಿಸಿ ಮುಂದಕ್ಕೆ ತಂದು, ಬಿದಿರು ಕಡ್ಡಿಯೊಂದಕ್ಕೆ ಸಿಕ್ಕಿಸಿದರು. ಮುಂದೆ ಎಳೆದರೆ ಹಿಂದೆ ಬಿಗಿಯುತ್ತಿತ್ತು. ಕೋಟಿನ ಕೊನೆಯ ಆ ಕಡ್ಡಿಯ ಅರ್ಥ ಇದು. ಕಾರ್ಸೆಟ್ಟು ಮುಗಿಸಿ ಮೈಸೂರಿಗೆ ಒಯ್ದಾಗ ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಚೆನ್ನಾಗಿದೆ ಎಂದರಂತೆ. ಇನ್ನು ಆ ಹುಡುಗಿಗೆ ಯಾವ ಆಸರೆಯಿಂದಲೂ ಉಪಯೋಗವಿಲ್ಲ ಎಂದೂ ಹೇಳಿದರಂತೆ. ಅವರು ಅದನ್ನು ಮಡಿಸಿ ತಂದು ಅಂಗಡಿಯ ಗೂಟಕ್ಕೆ ನೇತುಹಾಕಿದರು. ಕೋಟಿನ ಮೇಲೆ ಕೈಯಾಡಿಸುವುದು ಮಾತ್ರ ನಿಲ್ಲಲಿಲ್ಲ.

ಐವತ್ತೇಳರ ಸುಗ್ಗಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗಲೇ ಗಾವಡಗೆರೆಯಿಂದ ಸುದ್ದಿ ಬಂತು. ಸಿದ್ದಯ್ಯ ಹೋಟೆಲಿನ ಬಾಗಿಲೆಳೆದು ಒಂದು ಕಾರು ಗೊತ್ತುಮಾಡಿದ. ಮೂವರೂ ಹೋದೆವು.

ಲಿಂಗವಂತರಾದ ಅವರ ಪೈಕಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತ ಭಂಗಿಯಲ್ಲೇ ಮೆರವಣಿಗೆ, ಕೂತ ಭಂಗಿಯಲ್ಲೇ ಮಣ್ಣು. ನಾವು ಹೋದಾಗ ಗಂಡಸರು ಅಂಗಳದಲ್ಲಿ ನಿಂತಿದ್ದರು. ಒಳಗೆ ಹೆಂಗಸರ ದನಿ ಏರುತ್ತಿತ್ತು, ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಗುರುಶಾಂತಮ್ಮ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ದೊರೆಸಾನಿ ಕೊಂಡಿಯ ಆ ಮೊದಲ ಕಾರ್ಸೆಟ್ಟು ಇತ್ತು.

“ಬೀಗ್ರೇ, ಮಗೀನ ಕೂರ್ಸಕ್ಕೆ ಆಯ್ತಾ ಇಲ್ಲ. ಎತ್ತ ಒರಗ್ಸುದ್ರೂ ಕುಸೀತದೆ. ಇದು ಎಂಗೆ ಆಕದು, ಏಳ್ಕೊಡಿ.”

ಕಂಠಪ್ಪನವರು ಹೊಸ್ತಿಲವರೆಗೆ ಹೋದರು. ಒಳಗೆ ಹೋಗಲಿಲ್ಲ. ಒಳಕ್ಕೆ ಬೆನ್ನು ಮಾಡಿ, ಅಂಗಳದ ಕಡೆ ಮುಖಮಾಡಿ ನಿಂತು, ಗಿರಾಕಿಗೆ ಹೇಳುವ ದನಿಯಲ್ಲಿ ಹೇಳತೊಡಗಿದರು. “ಮೊದ್ಲು ಹಿಂದಿನ ದಾರ ಪೂರ್ತಿ ಸಡ್ಲ ಬುಡಿ. ಬುಟ್ರಾ? ಈಗ ಮುಂದೆ. ಕೆಳಗಿನದು ಮೊದ್ಲು. ಗುಬುಟು ಕಣ್ಣೊಳಕ್ಕೆ ಕೂರ್ಬೇಕು, ಟಕ್ ಅಂತದೆ.” ಒಳಗಿನಿಂದ ಶಬ್ದ ಕೇಳಿಸಿತು; ಮತ್ತೆ ಒಂದು, ಮತ್ತೆ ಒಂದು. ಎಲ್ಲವೂ ಕೂತವು. ಕಂಠಪ್ಪನವರ ಬಲಗೈ ಕೋಟಿನ ಮೇಲೆ ಎಲ್ಲೋ ನಿಂತಿತ್ತು.

“ಇನ್ನೇನು ಬೀಗ್ರೇ?”

“ಈಗ ನೀವು ಅವಳ ಹಿಂದಕ್ಕೆ ಹೋಗಿ ನಿಂತ್ಕಳಿ,” ಎಂದರು ಕಂಠಪ್ಪನವರು. “ದಾರ ಎಳೀರಿ.”

ಆಮೇಲೆ ಅವರನ್ನು ಒಳಗೆ ಕರೆದರು, ನಾವೂ ಬಾಗಿಲಿನವರೆಗೆ ಹೋದೆವು. ಪ್ರೇಮಮ್ಮ ಕೂತಿದ್ದಳು. ಪೂರ್ತಿ ನೇರವಾಗಲ್ಲ, ಆದರೆ ಕೂತಿದ್ದಳು. ಹೊಸ ಸೀರೆಯ ಸೆರಗನ್ನು ಇನ್ನೂ ಹೊದಿಸಿರಲಿಲ್ಲ, ಕೊಂಡಿಗಳು ಹೊಳೆಯುತ್ತಿದ್ದವು. ಜೀವಮಾನದಲ್ಲಿ ಮೊದಲ ಸಲ ಕಂಠಪ್ಪನವರು ಬಟ್ಟೆ ಸೇರುವ ಆ ಗೆರೆಯನ್ನು ನೋಡಲಿಲ್ಲ. ಮಗಳನ್ನು ಸುತ್ತಿ ಹಿಂದಕ್ಕೆ ಹೋದರು. ಅಲ್ಲಿ ಗುರುಶಾಂತಮ್ಮ ಗೋಡೆಗೂ ಸೊಸೆಗೂ ನಡುವೆ ಮಂಡಿಯೂರಿ, ಕಟ್ಟುವುದು ತಿಳಿಯದೆ, ದಾರದ ಎರಡು ತುದಿಗಳನ್ನೂ ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇದ್ದರು. ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

“ಏಳಿದ್ರೆ ನಾನು ದಾರ ಇಡೀತಿರ್ನಿಲ್ವಾ ಬೀಗ್ರೇ,” ಎಂದರು. “ದಿನಾ ಇಡೀತಿದ್ದೆ. ಮಡಿ ಎಲ್ಲಿಗೆ ಓಯ್ತಿತ್ತು? ಯಾರೂ ಏಳ್ನಿಲ್ಲ.”

ಕಂಠಪ್ಪನವರು ಅವರ ಕೈಯಿಂದ ದಾರ ತೆಗೆದುಕೊಂಡು ಗಂಟು ಹಾಕಿದರು.

ಆಮೇಲೆ ಹುಣಸೂರಿನಲ್ಲಿ ಅವರು ಬಹಳ ದಿನ ಇರಲಿಲ್ಲ, ಕೆ.ಆರ್. ನಗರದ ಕಡೆ ತಮ್ಮನ ಮನೆಗೆ ಹೋದರೆಂದು ಸಿದ್ದಯ್ಯ ಹೇಳಿದ. ಹೋಗುವಾಗ ಕೋಟನ್ನು ಹಾಕಿಕೊಂಡಿರಲಿಲ್ಲವಂತೆ.

ಇಂಥವರನ್ನು ನಾನು ಆಮೇಲೂ ಕಂಡಿದ್ದೇನೆ: ಹೆಣ್ಣುಮಕ್ಕಳಿಗೆ ಅಡಿಗೆಮನೆಯೊಳಗೇ ಬಾವಿ ತೋಡಿಸಿಕೊಟ್ಟವರು, ಕಣ್ಣು ಕಾಣದ ಮಗನಿಗೆ ಮನೆಯ ತುಂಬ ಹಿಡಿಹಗ್ಗ ಕಟ್ಟಿಕೊಟ್ಟವರು. ತಮ್ಮವರು ಯಾರ ಮುಂದೆಯೂ ಕೈಚಾಚಬಾರದು ಎಂಬುದಕ್ಕಿಂತ ದೊಡ್ಡ ಆಸೆ ಅವರಿಗಿಲ್ಲ. ಅದಕ್ಕಾಗಿ ತಮ್ಮಲ್ಲಿರುವ ಅತಿ ಒಳ್ಳೆಯದನ್ನು ಪೆಟ್ಟಿಗೆಯ ತಳದಿಂದ ತೆಗೆದುಕೊಡುತ್ತಾರೆ, ಯಾರ ಕೈಯೂ ಬೇಡವೆಂದು ಊರೆದುರು ಹೇಳುತ್ತಾರೆ. ಆ ಮಾತನ್ನು ಉಳಿಸಿಕೊಡುವ ಹೊಣೆ ಆಮೇಲೆ ಮಕ್ಕಳ ಮೇಲೆ ಬೀಳುತ್ತದೆ. ಪಕ್ಕದ ಕೋಣೆಯಲ್ಲೇ ಎರಡು ಕೈಗಳು ಬಿಡುವಾಗಿರುತ್ತವೆ, ಕರೆದರೆ ಬರಲು ಸಿದ್ಧವಾಗಿರುತ್ತವೆ, ಮಕ್ಕಳು ಕರೆಯುವುದಿಲ್ಲ.